ಎರಡು ಚೊಂಬು ನೀರು

“ಹೋದ ಸಲ ಕಿವಿಗೆ ಹಾಕಿದ್ದ ಪೊರೆ ಚೆನ್ನಾಗೇ ಹಿಡಿದಿತ್ತು. ಹದಿನೈದನೇ ದಿನ ಹತ್ತಿ ತೆಗೆದಾಗ ನಾನೇ ನೋಡಿದ್ದೆ. ಆಮೇಲೆ ಏನು ಮಾಡ್ಕೊಂಡ್ರಿ?”

ಡಾಕ್ಟರಮ್ಮ ಕೇಳಿದ್ದು ಅರ್ಪಿತಳನ್ನು. ಪಕ್ಕದ ಬೆಂಚಿನ ಮೇಲಿದ್ದ ಅವಳ ಅತ್ತೆ ಬೈರಮ್ಮ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ನಂದೇ ತಪ್ಪು ಮೇಡಂ,” ಅಂದಳು ಅರ್ಪಿತ. “ತಲೆಗೆ ಸ್ನಾನ ಮಾಡುವಾಗ ನೀರು ಹೋಯ್ತು.”

“ಆರು ವಾರ ತಲೆಗೆ ನೀರು ಬೇಡ ಅಂತ ಚೀಟೀಲಿ ಕೆಂಪಗೆ ಬರೆದು ಕೊಟ್ಟಿದ್ವಲ್ಲ. ಓದಿದವರು ನೀವು, ಟೀಚರ್ ಬೇರೆ.”

“ಈಗ ಟೀಚರ್ ಅಲ್ಲ ಮೇಡಂ.”

ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಹೋಳೂರಿನ ಶಾಲೆಯಲ್ಲಿ ಅರ್ಪಿತ ಯುಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಎಡಗಿವಿ ಮತ್ತೆ ಸೋರಲು ಶುರುವಾದ ಮೇಲೆ ಹತ್ತಿ ಇಟ್ಟುಕೊಂಡು ಹೋಗುತ್ತಿದ್ದಳು. ಒಂದು ದಿನ ಮುಂದಿನ ಸಾಲಿನ ಮಗುವೊಂದು ಮೂಗು ಮುಚ್ಚಿಕೊಂಡು, “ಮಿಸ್, ವಾಸ್ನೆ,” ಅಂದಿತಂತೆ. ಜೂನ್‌ನಲ್ಲಿ ತಾನಾಗಿಯೇ ಬಿಟ್ಟಳು. ಕಿವಿ ಒಣಗಿದರೆ ಬರುವ ಜೂನ್‌ಗೆ ಬನ್ನಿ ಅಂತ ಶಾಲೆಯವರು ಹೇಳಿದ್ದರು. ಈ ಎರಡನೇ ಆಪರೇಷನ್ ಅವಳಿಗೆ ಬೇಕಾಗಿದ್ದು ಅದಕ್ಕೆ.

ಡಾಕ್ಟರಮ್ಮ ಒಂದು ಕಾಗದದ ಮೇಲೆ ಕಿವಿಯ ಚಿತ್ರ ಬರೆದು ತೋರಿಸಿದರು. ಕಿವಿಯ ತಮಟೆಯಲ್ಲಿ ಇಷ್ಟು ದೊಡ್ಡ ತೂತು. ಹೋದ ಸಲ ಕಿವಿಯ ಮೇಲ್ಗಡೆ ಮಾಂಸದ ಮೇಲಿರುವ ತೆಳು ಪೊರೆಯನ್ನು ತೆಗೆದು ತೇಪೆ ಹಾಕಿದ್ದರು. ಅದು ಕೀವಿಗೆ ಕರಗಿಹೋಗಿದೆ. ಈ ಸಲ ಪೊರೆ ಬೇಡ, ಮೃದ್ವಸ್ಥಿ ಹಾಕೋಣ. “ಇಲ್ಲಿ ಮುಟ್ಟಿ ನೋಡ್ಕೊಳ್ಳಿ. ಕಿವಿ ತೂತಿನ ಮುಂದೆ, ಕೆನ್ನೆ ಪಕ್ಕ ಒಂದು ಮೆತ್ತನೆ ಉಬ್ಬು ಇದೆಯಲ್ಲ, ಅದರೊಳಗಿಂದ ಒಂದು ಚೂರು. ತೆಳ್ಳಗೆ ಸೀಳಿ ಒಳಗೆ ಕೂರಿಸ್ತೀವಿ. ಪೊರೆಗಿಂತ ಗಟ್ಟಿ. ಆದ್ರೆ ಇದನ್ನೂ ಕೆಡಿಸ್ಕೊಂಡ್ರೆ ಇನ್ನೊಂದು ಸಲ ಕಷ್ಟ.”

ಬೈರಮ್ಮ ತನಗೆ ತಿಳಿಯದ ಹಾಗೆ ತನ್ನ ಕಿವಿಯ ಉಬ್ಬನ್ನು ಮುಟ್ಟಿಕೊಂಡಳು. “ಹೊರಗಡೆ ಕುರೂಪ ಕಾಣ್ಸಲ್ವಾ ಡಾಕ್ಟ್ರಮ್ಮ?”

“ಗೊತ್ತೇ ಆಗಲ್ಲಮ್ಮ.”

ಆಮೇಲೆ ಕಿವಿ ಪರೀಕ್ಷೆ. ಗಾಜಿನ ಕೋಣೆಯೊಳಗೆ ಅರ್ಪಿತಳ ತಲೆಗೆ ಹೆಡ್‌ಫೋನ್ ಹಾಕಿ ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿಸಿದಾಗಲೆಲ್ಲ ಒತ್ತಬೇಕು. ಬೈರಮ್ಮ ಹೊರಗಿನಿಂದ ನೋಡುತ್ತಿದ್ದಳು. ಸೊಸೆ ಬಡಬಡ ಒತ್ತುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಒತ್ತುವುದು ಕಡಿಮೆಯಾಯಿತು.

ವರದಿ ನೋಡಿ ಡಾಕ್ಟರಮ್ಮ, “ಎಡಗಡೆ ಕಮ್ಮಿ ಇದೆ. ಬಲಗಿವಿ ಬಂಗಾರದ ಹಂಗಿದೆ,” ಅಂದರು.

“ಎಡಗಡೆ ಕೂತು ಮಾತಾಡಿದ್ರೆ ಇವಳಿಗೆ ಕೇಳ್ಸಲ್ಲ, ಅಲ್ವಾ?” ಬೈರಮ್ಮ ಕೇಳಿದಳು.

ಡಾಕ್ಟರಮ್ಮ ನಕ್ಕರು. “ಯಾಕೆ ಕೇಳ್ಸಲ್ಲಮ್ಮ? ನೀವು ಎಡಗಡೆ ಕೂತ್ರೂ ಬಲಗಿವಿ ಎಲ್ಲಿಗೆ ಹೋಗುತ್ತೆ? ಸಂತೇಲಿ, ಕ್ಲಾಸಲ್ಲಿ ಗಲಾಟೆ ಇದ್ರೆ ಕಷ್ಟ. ಯಾವ ಕಡೆಯಿಂದ ಕೂಗಿದ್ರು ಅಂತ ಗೊತ್ತಾಗಲ್ಲ. ಮನೆಯೊಳಗೆ ನೀವು ಪಿಸುಗುಟ್ಟಿದ್ರೂ ಕೇಳ್ಸುತ್ತೆ.”

ಅರ್ಪಿತ ದುಪಟ್ಟದ ಅಂಚಿನ ಒಂದು ನೂಲನ್ನು ಎಳೆಯುತ್ತ ಕೂತಿದ್ದಳು.

ಊರಿಗೆ ವಾಪಸ್ ಹೋಗುವ ಸುಗಟೂರಿನ ಬಸ್ಸಿನಲ್ಲಿ ಬೈರಮ್ಮ ಅಭ್ಯಾಸದಂತೆ ಸೊಸೆಯ ಎಡಕ್ಕೆ ಕೂತಳು. ಕೂತ ತಕ್ಷಣ ಎದ್ದಳು. ಬಲಗಡೆ ಕಿಟಕಿ. ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬಿ ಹಿಡಿದು ನಿಂತಳು.

“ಕೂತ್ಕೊಳ್ಳಿ ಅತ್ತೆ, ಜಾಗ ಇದೆಯಲ್ಲ,” ಅಂದಳು ಅರ್ಪಿತ.

“ಇರ್ಲಿ ಬಿಡು. ಬೆಳಗಿಂದ ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ.”

ಮದುವೆಯಾಗಿ ಆರು ವರ್ಷ. ಅರ್ಪಿತಳಿಗೆ ಎಡಗಿವಿ ಮಂದ ಎನ್ನುವುದು ಗೊತ್ತಾದ ಮೊದಲ ವರ್ಷದಿಂದಲೇ ಬೈರಮ್ಮ ಮತ್ತು ಮಗಳು ತೇಜಸ್ವಿನಿ ಒಂದು ರೂಢಿ ಮಾಡಿಕೊಂಡಿದ್ದರು. ಸೊಸೆ ಒಲೆಯ ಮುಂದೆ ಕೂತರೆ ಅವಳ ಎಡಗಡೆ ಬಾಗಿಲ ಬಳಿ ಸೇರುವುದು. “ಅಮ್ಮಾ, ಎಡಕ್ಕೆ ಬಾ,” ಅಂತ ತೇಜಸ್ವಿನಿ ಕಣ್ಣು ಮಿಟುಕಿಸಿದರೆ ಏನೋ ಹೊಸ ಸುದ್ದಿ ಇದೆ ಎಂದು ಅರ್ಥ. ಅರ್ಪಿತಳ ತವರಿನವರು ಕೊಟ್ಟ ಸೀರೆಯ ಬಣ್ಣ ಹೋದದ್ದು, ಅವಳು ತಟ್ಟಿದ ರೊಟ್ಟಿಯ ಆಕಾರ, ಅವಳ ದಿಂಬಿನ ವಾಸನೆ, ಒಂದೇ ಹೆಣ್ಣು ಹೆತ್ತು ಸುಮ್ಮನಾದದ್ದು. ಎಲ್ಲ ಎಡಗಡೆಯಲ್ಲೇ ಆಡಿದ್ದು. ಒಮ್ಮೊಮ್ಮೆ ಗುಟ್ಟು ಇನ್ನೂ ಭದ್ರವಾಗಿರಲಿ ಎಂದು ತೆಲುಗಿಗೆ ತಿರುಗುತ್ತಿದ್ದರು. ಅರ್ಪಿತ ಬಂದ ಎಂಟು ತಿಂಗಳಿಗೇ ಮಾವನ ಜೊತೆ ತೆಲುಗಿನಲ್ಲಿ ಹಾಲಿನ ಲೆಕ್ಕ ಮಾತಾಡುತ್ತಿದ್ದಳು ಎನ್ನುವುದು ಅವರ ತಲೆಗೇ ಹೊಳೆದಿರಲಿಲ್ಲ.

ಅದೆಲ್ಲ ಹೋಗಲಿ ಅನ್ನಬಹುದು. ಎಲ್ಲರ ಮನೆಯಲ್ಲೂ ಆಡುವ ಮಾತು. ಆದರೆ ಕುರುಡುಮಲೆಯ ಮಾತನ್ನೂ ಅದೇ ಬಾಗಿಲ ಬಳಿ ಆಡಿದ್ದು.

ಹೋದ ಕಾರ್ತೀಕದಲ್ಲಿ ಬೈರಮ್ಮನ ಭಾವ ಬಚ್ಚಪ್ಪ ಕುರುಡುಮಲೆಯಲ್ಲಿ ತೀರಿಕೊಂಡಿದ್ದ. ಸೂತಕ ಕಳೆಯುವ ದಿನ ಅರ್ಪಿತಳ ಮೊದಲ ಆಪರೇಷನ್ ಆಗಿ ಇಪ್ಪತ್ತೆರಡು ದಿನವಾಗಿತ್ತು. ಗಂಡಸರು ಸ್ನಾನಕ್ಕೆ ಕೆರೆಗೆ ಹೋಗಿದ್ದರು. ಹಿತ್ತಲಲ್ಲಿ ಹಂಡೆ ಕಾಯುತ್ತಿತ್ತು. ಬೈರಮ್ಮನ ಗಂಡನ ಅಕ್ಕ ದೊಡ್ಡಗಂಗಮ್ಮ ಹಂಡೆಯ ಪಕ್ಕ ನಿಂತು ಮನೆಯ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದಳು.

“ತಲೆ ಮೇಲೆ ನೀರು ಬೀಳದೆ ಸೂತಕ ಹೋಗಲ್ಲ. ಕಿವಿ ನೋವಂತೆ, ಯಾರಿಗಿಲ್ಲ ನೋವು? ಬೈರಮ್ಮ, ನಿನ್ನ ಸೊಸೆ ಹಂಗೇ ಒಳಗೆ ಬಂದು ಮುಟ್ಟಿದ್ರೆ ಆ ಅನ್ನ ನಾವು ತಿನ್ನೋದು ಹೆಂಗೆ?”

ಹದಿನೈದು ಹೆಂಗಸರು ಬೈರಮ್ಮನ ಮುಖ ನೋಡುತ್ತಿದ್ದರು. ಅವಳು ಅರ್ಪಿತಳ ರಟ್ಟೆ ಹಿಡಿದು ಪಕ್ಕಕ್ಕೆ ಕರೆದು, “ಎರಡೇ ಚೊಂಬು ಕಣೇ. ಎಣ್ಣೆ ಹತ್ತಿ ಇಡ್ತೀನಿ, ಒಂದು ತೊಟ್ಟೂ ಹೋಗಲ್ಲ,” ಅಂದಿದ್ದಳು. ಹುಯ್ದವಳೂ ಅವಳೇ.

ನಾಲ್ಕನೇ ದಿನ ಕಿವಿಯಿಂದ ಕೀವು ಬಂತು. ಮಗ ವೆಂಕಟ್ ಹೌಹಾರಿದ. ನರಸಾಪುರದ ಕಾರ್ಖಾನೆಯಲ್ಲಿ ಕಾಡಿ ಬೇಡಿ ರಜೆ ಪಡೆದು ಹೆಂಡತಿಯ ಆಪರೇಷನ್ ಮಾಡಿಸಿದ್ದ. “ಹೆಂಗಾಯ್ತಮ್ಮ ಇದು?” ಎಂದು ಕೇಳಿದ. “ಎಲ್ಲರೂ ಹುಯ್ಕೊಂಡ್ರಲ್ಲ ಅಂತ ಇವಳೂ ತಲೆಗೆ ಹುಯ್ಕೊಂಡ್ಳೇನೋ. ನಾನು ಒಲೆ ಮುಂದಿದ್ದೆ,” ಅಂದಳು ಬೈರಮ್ಮ. ಆಮೇಲೆ ಬಾಗಿಲ ಬಳಿ ಮಗಳಿಗೆ, “ನೀನು ನೋಡಿದ್ದು ನಿನ್ನ ಹೊಟ್ಟೇಲಿರ್ಲಿ. ಅವಳೇ ಮಾಡ್ಕೊಂಡ್ಳು ಅಂತ ಇರ್ಲಿ ಬಿಡು. ಗಂಡ ತಾನೆ, ಎರಡು ದಿನ ಬೈತಾನೆ, ಆಮೇಲೆ ಸರಿ ಹೋಗುತ್ತೆ,” ಅಂದಿದ್ದಳು. ಅರ್ಪಿತ ಮೂರು ಮಾರು ದೂರದಲ್ಲಿ ಮುದ್ದೆ ತೊಳಸುತ್ತಿದ್ದಳು. ಕೈ ನಿಂತಿರಲಿಲ್ಲ.

ವೆಂಕಟ್ ಎರಡು ದಿನಕ್ಕೆ ನಿಲ್ಲಿಸಲಿಲ್ಲ. ಒಂದು ವರ್ಷ ಬೈದ. ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಕೊನೆಗೆ ಕಿವಿಗೇ ಬಂದು ನಿಲ್ಲುತ್ತಿತ್ತು.

ಆ ಸಂಜೆಯೂ ಅದೇ ಆಯಿತು. ಎಲ್ಲರೂ ತಟ್ಟೆ ಮುಂದೆ ಕೂತಿದ್ದರು. ಬೈರಮ್ಮನ ಗಂಡ ಮುನಿಶಾಮಿಗೆ ಆಪರೇಷನ್ ವಿಷಯ ಕೇಳುವ ಕುತೂಹಲ.

“ಕಿವೀಲಿ ಎಲುಬೆಲ್ಲಿಂದ ಬಂತೇ?”

“ಎಲುಬಲ್ಲ ಮಾವ, ಮೃದ್ವಸ್ಥಿ ಅಂತಾರೆ,” ಅಂದಳು ಅರ್ಪಿತ.

“ತಲೆಮಾಂಸ ಮಾಡಿದಾಗ ಕುರಿ ಕಿವಿ ಅಗಿದ್ರೆ ಕರಕರ ಅನ್ನುತ್ತಲ್ಲ, ಅದಾ?”

“ಅದೇ ಮಾವ.”

“ಹಂಗಾದ್ರೆ ಗಟ್ಟಿ ಮಾಲು ಬಿಡು. ನನ್ನ ಹಲ್ಲಿಗೇ ಜಗ್ಗಲ್ಲ ಅದು.”

ಐದು ವರ್ಷದ ಚೈತನ್ಯ ಅಮ್ಮನ ಕಿವಿ ಎಳೆದು ನೋಡಿ ನಕ್ಕಳು. ವೆಂಕಟ್ ನಗಲಿಲ್ಲ.

“ಗಟ್ಟಿ ಹಾಕಿದ್ರೇನು, ಮೆತ್ತಗೆ ಹಾಕಿದ್ರೇನು. ಕಾಪಾಡ್ಕೊಳ್ಳೋರು ಕಾಪಾಡ್ಕೋಬೇಕು. ಹೋದ ಸಲ ಡಾಕ್ಟರ್ ಕೆಂಪಿಂಕಲ್ಲಿ ಬರೆದು ಕೊಟ್ರು. ಇವಳಿಗೆ ಊರವರ ಮುಂದೆ ಮಡಿ ತೋರಿಸ್ಕೋಬೇಕಿತ್ತು.”

“ಊಟ ಮಾಡ್ರಿ,” ಅಂದಳು ಅರ್ಪಿತ.

“ಮಾಡ್ತಿದೀನಲ್ಲ. ಮಾತಾಡಬಾರ್ದಾ? ಕೇಳೋಕೂ ಆಗಲ್ವಾ?”

ಬೈರಮ್ಮ ಎದ್ದು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದಳು.

ಮಾರನೇ ಬೆಳಿಗ್ಗೆ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುವಾಗ ಬೈರಮ್ಮ ಡಾಕ್ಟರಮ್ಮ ಅಂದದ್ದನ್ನು ತೇಜಸ್ವಿನಿಗೆ ಹೇಳಿದಳು. ಕೋಲಾರದಲ್ಲಿ ಬಿ.ಎಡ್ ಓದುತ್ತಿದ್ದ ಹುಡುಗಿ. ಕೈಯಲ್ಲಿದ್ದ ಹಿಪ್ಪುನೇರಳೆ ಕಡ್ಡಿಗಳನ್ನು ಹಾಗೇ ಎದೆಗವಚಿಕೊಂಡು ನಿಂತಳು.

“ಎಲ್ಲಾನಾ?”

“ಎಲ್ಲಾನೂ.”

“ಅತ್ತಿಗೆ ಅವರ ತಮ್ಮನ ಮದುವೇಲಿ ಹಾಕ್ಕೊಂಡಿದ್ದ ಬ್ಲೌಸ್ ಬಗ್ಗೆ ನಾನು ಅಂದಿದ್ದು?”

“ಬ್ಲೌಸು ಹಾಳಾಗ್ಲಿ ಕಣೇ. ಕುರುಡುಮಲೇದು.”

“ಮಾನಂ ಪೋಯಿಂದಿ,” ಅಂದಳು ತೇಜಸ್ವಿನಿ. ಮಾನ ಹೋಯಿತು ಎನ್ನುವಾಗ ತಾಯಿ ಮಗಳಿಗೆ ತೆಲುಗೇ ಬರುತ್ತಿತ್ತು. “ಒಂದು ವರ್ಷದಿಂದ ಅತ್ತಿಗೆ ನಮ್ಮ ಮುಖ ನೋಡ್ಕೊಂಡು ಊಟ ಬಡಿಸಿದ್ದಾರಲ್ಲಮ್ಮ.”

“ನೀನಾದ್ರೂ ಅಣ್ಣನಿಗೆ ಹೇಳ್ಬಹುದಾಗಿತ್ತು.”

“ನೋಡು ನೋಡು. ಹೊಟ್ಟೇಲಿಟ್ಕೊ ಅಂದವಳು ನೀನು. ಈಗ ನನ್ನ ತಲೆಗೆ ಕಟ್ತೀಯಾ?”

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಬಾಗಿಲ ಬಳಿ ಯಾರೂ ಕೂರಲಿಲ್ಲ. ಅರ್ಪಿತಳ ಎದುರು ತಾಯಿ ಮಗಳು ಹವಾಮಾನ, ಹಸು, ಬಸ್ಸಿನ ಹೊತ್ತು ಇಷ್ಟೇ ಮಾತಾಡಿದರು. ಅದನ್ನೂ ಗಟ್ಟಿಯಾಗಿ. ಮುನಿಶಾಮಿ ಒಂದು ದಿನ, “ಏನ್ಲಾ ವೆಂಕಟ, ನಿಮ್ಮಮ್ಮನಿಗೂ ಕಿವಿ ಹೋಯ್ತಾ? ಮೈಕ್ ಹಾಕ್ಕೊಂಡ ಹಂಗೆ ಮಾತಾಡ್ತಾಳೆ,” ಎಂದು ಕೇಳಿದ. ಅರ್ಪಿತ ಸೆರಗಿನ ಮರೆಯಲ್ಲಿ ನಕ್ಕದ್ದನ್ನು ಬೈರಮ್ಮ ಕಂಡಳು.

ಆಪರೇಷನ್ ಡಿಸೆಂಬರ್ ಎರಡನೇ ವಾರ. ಸೊಸೆಯನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಡಾಕ್ಟರಮ್ಮ ವೆಂಕಟ್‌ನಿಂದ ಸಹಿ ಹಾಕಿಸಿಕೊಂಡರು. ಹೇಳಬೇಕಾದ್ದನ್ನೆಲ್ಲ ಮತ್ತೊಮ್ಮೆ ಹೇಳಿದರು. ಆರು ವಾರ ತಲೆಗೆ ನೀರಿಲ್ಲ. ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಭಾರ ಎತ್ತಬಾರದು. ಬಗ್ಗಿ ಕೆಲಸ ಮಾಡಬಾರದು. ಎಡಮಗ್ಗುಲಲ್ಲಿ ಮಲಗಬಾರದು.

“ಇವಳಿಗೆ ನೀರು ಕಂಡ್ರೆ ಆಸೆ ಮೇಡಂ. ಬಚ್ಚಲಿಗೆ ಬೀಗ ಹಾಕ್ಬೇಕು,” ಅಂದ ವೆಂಕಟ್.

ಡಾಕ್ಟರಮ್ಮ ನಗಲಿಲ್ಲ. ನರ್ಸ್ ನಕ್ಕಳು. ಹಸಿರು ಗೌನು ತೊಟ್ಟು ಕಾಲು ಇಳಿಬಿಟ್ಟು ಕೂತಿದ್ದ ಅರ್ಪಿತ ಅತ್ತೆಯ ಕಡೆ ನೋಡಿದಳು. ಕೋಪದ ನೋಟವಲ್ಲ ಅದು. ಬಸ್ಸು ಬರುತ್ತದಾ ಎಂದು ರಸ್ತೆ ನೋಡುವ ಹಾಗೆ ನೋಡಿದಳು. ಬೈರಮ್ಮನ ಬಾಯಿಗೆ ಮಾತು ಬಂತು. ಆಪರೇಷನ್‌ಗೆ ಹೋಗುವ ಹೊತ್ತಿನಲ್ಲಿ ಯಾಕೆ ಗಲಾಟೆ, ಆಗಿಬಿಡಲಿ, ಆಮೇಲೆ ಹೇಳೋಣ ಎಂದುಕೊಂಡಳು. ಗಾಲಿಯ ಮಂಚ ಬಂತು.

ಅರ್ಪಿತ ತಲೆಗೆ ದೊಡ್ಡ ಬಿಳಿ ಪಟ್ಟಿ ಸುತ್ತಿಕೊಂಡು ಮನೆಗೆ ಬಂದಾಗ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು. ಆ ಕೊನೆಯ ಜ್ವರದಿಂದ ಎದ್ದ ಹುಳುವಿಗೆ ಎಂಟು ದಿನ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮಳೆ ಸುರಿದ ಹಾಗೆ ಮೇಯುವ ಸದ್ದು. ಪ್ರತಿ ಸಲ ಆ ಎಂಟು ದಿನ ಅತ್ತೆ ಸೊಸೆ ಇಬ್ಬರೂ ದುಡಿಯುತ್ತಿದ್ದರು. ಈ ಸಲ ಬೈರಮ್ಮ ಒಬ್ಬಳೇ ಸೊಪ್ಪು ಕೊಯ್ದಳು, ಹೊತ್ತಳು, ಹಾಸಿದಳು. ಮಧ್ಯೆ ಬಂದು ಮುದ್ದೆ ಬೇಯಿಸಿದಳು, ಹಸುವಿನ ಹಾಲು ಕರೆದಳು, ಅರ್ಪಿತಳ ಬಟ್ಟೆ ಒಗೆದಳು. ಚೈತನ್ಯ ನಿದ್ದೆಯಲ್ಲಿ ಒದೆಯುತ್ತಾಳೆಂದು ತನ್ನ ಪಕ್ಕದಲ್ಲಿ ಮಲಗಿಸಿಕೊಂಡಳು. ತೇಜಸ್ವಿನಿ ನೀರು ಕಾಯಿಸಲು ಹೋದರೆ, “ನೀನು ಓದ್ಕೊ ಹೋಗು,” ಎಂದು ಗದರಿದಳು. ತಾನೇ ಬಿಸಿನೀರು ತಂದು ಸೊಸೆಯ ಕೈಕಾಲು ಒರೆಸಿದಳು. ಕುತ್ತಿಗೆಯ ಮೇಲಕ್ಕೆ ಬಟ್ಟೆ ಹೋಗದಂತೆ ನೋಡಿಕೊಂಡಳು. ಬಾಚಣಿಗೆ ತಂದು ಪಟ್ಟಿಯ ಕೆಳಗೆ ಸಿಕ್ಕಿದಷ್ಟು ಕೂದಲನ್ನು ಬಾಚಿದಳು.

ಪಕ್ಕದ ಮನೆಯ ಆಂಜಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವನು ನೋಡಿ, “ಏನ್ ಬೈರಮ್ಮಕ್ಕ, ಸೊಸೆಗೆ ಬಾಣಂತನ ಮಾಡ್ತಿದೀಯಾ?” ಅಂದ.

“ಮಾಡಿದ್ರೇನೀಗ? ನಿಂಗೂ ಬೇಕಾ?” ಅಂದಳು ಬೈರಮ್ಮ. ಊರಲ್ಲಿ ಅವಳಿಗೆ ಒಳ್ಳೆಯ ಹೆಸರು ಬಂತು. ಅದೊಂದು ಬೇರೆ ಹಿಂಸೆ.

ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಮನೆಗೆ ಬಂದು ಅರ್ಪಿತ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಬೈರಮ್ಮ ಬಿಸಿ ಹಾಲಿಗೆ ಅರಿಸಿನ ಹಾಕಿ ತಂದು ಮುಂದೆ ಹಿಡಿದಳು. ಅವಳ ಅಂಗೈ ಸೊಪ್ಪು ಕೊಯ್ದು ಬಿರುಕು ಬಿಟ್ಟಿತ್ತು. ಅರ್ಪಿತ ಲೋಟ ತೆಗೆದುಕೊಂಡು ಆ ಕೈಯನ್ನೇ ನೋಡಿದಳು.

“ಅತ್ತೆ, ಕೆಲಸ ಮಾಡಿ ತೀರಿಸೋಕೆ ಹೋಗ್ಬೇಡಿ.”

“ಏನ್ ತೀರ್ಸೋದು?”

“ನಿಮಗೆ ಗೊತ್ತು. ಡಾಕ್ಟರ್ ಹೇಳಿದ ದಿನದಿಂದ ನೀವು ನನ್ನ ಮುಖ ನೋಡಿಲ್ಲ.”

ಬೈರಮ್ಮ ಜಗಲಿಯ ಮೇಲೆ ಕೂತಳು. ಸೆರಗಿನಿಂದ ಕೈ ಒರೆಸಿಕೊಂಡಳು. ಒದ್ದೆಯೇನೂ ಇರಲಿಲ್ಲ.

“ಯಾಕೆ ಅವತ್ತೇ ಹೇಳಿಬಿಡ್ಲಿಲ್ಲ ನೀನು? ಗಂಡನ ಹತ್ರ?”

“ನಾನು ಹೇಳಿದ್ರೆ ಅತ್ತೆ ಮೇಲೆ ಚಾಡಿ ಅಂತಾರೆ. ನಿಮ್ಮ ಬಾಯಿಂದ ಬರ್ಲಿ ಅಂತ ಕಾದೆ. ನಾಳೆ ಹೇಳ್ತಾರೆ, ಹಬ್ಬಕ್ಕೆ ಹೇಳ್ತಾರೆ ಅಂತ. ಮೇಡಂ ಮುಂದೇನೂ ಕಾದೆ.”

“ನೀನೇ ಅಂದ್ಬಿಟ್ಟೆಯಲ್ಲ, ನನ್ನ ತಪ್ಪು ಅಂತ.”

“ಹೂಂ. ನೀವು ಇಲ್ಲ ಅನ್ನೋಕೆ ಹೊತ್ತಿತ್ತು.” ಅರ್ಪಿತ ಹಾಲನ್ನು ಊದಿ ಆರಿಸಿದಳು. “ಅವರು ನನ್ನ ಬೈಯೋದು ನಂಗೆ ಅಭ್ಯಾಸ ಆಗಿದೆ. ಚೈತನ್ಯ ಮೊನ್ನೆ ಗೊಂಬೆಗೆ ಸ್ನಾನ ಮಾಡಿಸ್ತಾ, ‘ದಡ್ಡಿ, ಕಿವಿಗೆ ನೀರು ಬಿಟ್ಕೋತೀಯಾ’ ಅಂತ ಹೊಡೀತಿದ್ಳು. ಅವರ ಧ್ವನೀಲೇ. ನನಗೆ ಒಂದೇ ಮಾತು ಬೇಕು ಅತ್ತೆ. ನಿಮ್ಮ ಮಗನಿಗೆ ನೀವೇ ಹೇಳಿ.”

“ಹೇಳ್ತೀನಿ. ಹುಳ ಚಂದ್ರಿಕೆಗೆ ಏರ್ಲಿ. ಈಗ ಮನೇಲಿ ಗಲಾಟೆ ಆದ್ರೆ ಕೆಲಸ ನಿಲ್ಲುತ್ತೆ.”

ಹುಳು ಹಣ್ಣಾಗಿ ಬಿದಿರ ತಟ್ಟೆಯ ಚಂದ್ರಿಕೆಗೆ ಏರಿತು, ಗೂಡು ಕಟ್ಟಿತು. ಗೂಡು ಬಿಡಿಸಿ ಮಾರುಕಟ್ಟೆಗೆ ಹೋದದ್ದೂ ಆಯಿತು. ಆಗ ಬೈರಮ್ಮ ಸಂಕ್ರಾಂತಿ ಆಗಲಿ ಅಂದಳು. ಅವಳು ಹೆದರಿದ್ದು ಮಗನ ಸಿಟ್ಟಿಗೆ. ಅವನ ಸಿಟ್ಟು ಹೇಗಿರುತ್ತದೆ ಎಂದು ಒಂದು ವರ್ಷ ಕಣ್ಣಾರೆ ನೋಡಿದ್ದಳು. ತಟ್ಟೆ ತಳ್ಳಿ ಎದ್ದುಹೋಗುವುದು, ಮೂರು ದಿನ ಮಾತು ಬಿಡುವುದು, ಬಂದ ನೆಂಟರ ಮುಂದೆ ಎತ್ತಿ ಆಡುವುದು. ಐವತ್ತಾರು ವರ್ಷದವಳು, ಹೆತ್ತ ಮಗನಿಂದ ಅದನ್ನು ಹೇಗೆ ತಡೆದುಕೊಳ್ಳುವುದು? ಅರ್ಪಿತ ಮತ್ತೆ ಕೇಳಲಿಲ್ಲ. ಅತ್ತೆ ತಂದ ಬಿಸಿನೀರನ್ನು ಮಾತ್ರ, “ನಾನೇ ಒರೆಸ್ಕೋತೀನಿ, ಅಲ್ಲಿಡಿ,” ಅಂದಳು.

ಜನವರಿ ಹತ್ತಕ್ಕೆ ಕಿವಿಯೊಳಗಿನ ಹತ್ತಿ ಎಲ್ಲ ತೆಗೆದಾಗಿತ್ತು. ಡಾಕ್ಟರಮ್ಮ ದೀಪ ಹಾಕಿ ಬಹಳ ಹೊತ್ತು ನೋಡಿದರು. “ಕೂತಿದೆ. ಒಣಗಿದೆ. ಎಲ್ಲೂ ಸಂದಿಲ್ಲ. ಕೇಳಿಸೋದು ನಿಧಾನಕ್ಕೆ ಸುಧಾರಿಸುತ್ತೆ. ಇನ್ನೆರಡು ವಾರ ಹಿಂಗೇ ಜೋಪಾನ.” ಕಿವಿಯ ಮುಂದಿನ ಉಬ್ಬಿನಲ್ಲಿ ಹುಡುಕಿದರೂ ಗುರುತಿರಲಿಲ್ಲ. ಹೊರಗೆ ಬಂದು ಅರ್ಪಿತ ತವರಿಗೆ ಫೋನ್ ಮಾಡಿದಳು. ಮಾತಾಡಲು ಆಗದೆ ಅತ್ತಳು. ಫೋನಿನ ಆ ಕಡೆಯಿಂದ ಅವಳ ತಾಯಿ, “ಏನಾಯ್ತೇ, ಮತ್ತೆ ಹೋಯ್ತಾ?” ಎಂದು ಕೂಗುತ್ತಿದ್ದದ್ದು ಬೈರಮ್ಮನಿಗೂ ಕೇಳಿಸಿತು.

ಸಂಕ್ರಾಂತಿ ಕಳೆದ ಭಾನುವಾರ ಆ ತಾಯಿ, ಮಾಲೂರು ಕಡೆಯ ಭಾರತಮ್ಮ, ಮಗಳನ್ನು ನೋಡಲು ಬಂದಳು. ಒಂದು ಚೀಲ ಅವರೆಕಾಯಿ ತಂದಿದ್ದಳು. ಬೆಳಿಗ್ಗೆಯಿಂದ ಬೀಗಿತ್ತಿಯರಿಬ್ಬರೂ ಎದುರುಬದುರು ಕೂತು ಕಾಳು ಬಿಡಿಸಿ, ನೆನೆಸಿ, ಹಿತಕಿದರು. ಭಾರತಮ್ಮ ಮಾತಿನವಳು.

“ನಿಮ್ಮಂಥ ಅತ್ತೆ ಸಿಕ್ಕಿದ್ದು ನನ್ನ ಮಗಳ ಪುಣ್ಯ ಅಕ್ಕ. ಒಂದು ಬಿಂದಿಗೆ ಎತ್ತೋಕೆ ಬಿಡ್ಲಿಲ್ಲವಂತೆ.”

“ಯಾರಂದ್ರು?”

“ಅವಳೇ ಅಂದ್ಳು. ಬೇರೆ ಯಾರು ಹೇಳ್ತಾರೆ?”

ಬೈರಮ್ಮ ಕಾಳು ಹಿತಕಿದಳು. ಬೇಳೆ ಚಿಮ್ಮಿ ನೆಲಕ್ಕೆ ಬಿತ್ತು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮುದ್ದೆ, ಹಿತಕಿದ ಬೇಳೆ ಸಾರು. ಬೈರಮ್ಮ ಬಡಿಸುತ್ತಿದ್ದಳು. ವೆಂಕಟ್‌ಗೆ ಭಾನುವಾರದ ರಜೆ, ಒಳ್ಳೆಯ ಹಸಿವು. ಮೊದಲ ಮುದ್ದೆ ಮುಗಿಸಿ ಎರಡನೆಯದನ್ನು ತಟ್ಟೆಗೆ ಹಾಕಿಸಿಕೊಂಡ.

“ಅತ್ತೆ, ಬಂದಿದ್ದೀರ, ನಿಮ್ಮ ಮಗಳಿಗೆ ನಾಲ್ಕು ಬುದ್ಧಿ ಹೇಳಿ ಹೋಗಿ. ಇನ್ನೂ ಒಂದು ವಾರ ಇದೆ. ಹೋದ ವರ್ಷದ ಹಂಗೆ ಮತ್ತೆ ನೀರು ಬಿಟ್ಕೊಂಡ್ರೆ ನಾನಂತೂ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ.”

ಭಾರತಮ್ಮನ ಮುಖ ಸಣ್ಣದಾಯಿತು. ಮಗಳ ಕಡೆ ನೋಡಿದಳು. ಅರ್ಪಿತ ಚೈತನ್ಯಳ ಬಾಯಿಗೆ ತುತ್ತು ಇಡುತ್ತಿದ್ದಳು. ಭಾರತಮ್ಮ ಎಡಗೈಯಿಂದ ಸೆರಗು ಸರಿಮಾಡಿಕೊಂಡಳು. ಎಂಜಲ ಬಲಗೈಯನ್ನು ಎಡಗೈಗೆ ಸೇರಿಸಿ, ಸಾರಿನ ಪಾತ್ರೆ ಹಿಡಿದು ನಿಂತಿದ್ದ ಬೈರಮ್ಮನ ಕಡೆ ತಿರುಗಿದಳು.

“ನನ್ನದೇ ತಪ್ಪು ಅಕ್ಕ. ಸರಿಯಾಗಿ ಬುದ್ಧಿ ಹೇಳಿ ಕಳಿಸ್ಲಿಲ್ಲ ನಾನು. ನಿಮ್ಮ ಮಗನಿಗೆ ಎರಡೆರಡು ಸಲ ತೊಂದ್ರೆ ಆಯ್ತು. ಹೊಟ್ಟೆಗೆ ಹಾಕ್ಕೊಳ್ಳಿ.”

“ಕೈ ಇಳಿಸಿ,” ಅಂದಳು ಬೈರಮ್ಮ.

“ಇಲ್ಲಕ್ಕ, ನಾನು ಹೇಳ್ಬೇಕಾದ್ದೆ.”

“ಕೈ ಇಳಿಸಿ ಅಂದೆ.” ಬೈರಮ್ಮ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟಳು. “ನೀರು ಹುಯ್ದದ್ದು ನಾನು.”

ವೆಂಕಟ್ ತಲೆಯೆತ್ತಿದ. “ಏನಮ್ಮ?”

“ಕುರುಡುಮಲೇಲಿ. ಇವಳು ಬೇಡ ಅಂದ್ಳು. ಎರಡು ಸಲ ಅಂದ್ಳು. ದೊಡ್ಡಗಂಗಮ್ಮ ಎಲ್ಲರ ಮುಂದೆ ನನ್ನ ಅಂದ್ಬಿಟ್ಟಳಲ್ಲ ಅಂತ ತಲೆಗೆ ಕಟ್ಟಿದ್ದ ಬಟ್ಟೆ ನಾನೇ ಬಿಚ್ಚಿದೆ. ಮೊದಲನೇ ಚೊಂಬು ಹುಯ್ಯೋವಾಗ ಕಿವಿ ಮೇಲೆ ಅಂಗೈ ಒತ್ತಿ ಹಿಡ್ಕೊಂಡಿದ್ಳು. ನೆತ್ತಿ ಪೂರ್ತಿ ನೆನೀಲಿಲ್ಲ ಅಂದ್ರು ಯಾರೋ. ಆ ಕೈ ಹಿಡಿದು ನಾನೇ ಕಿತ್ತೆ. ಆಮೇಲೆ ಎರಡನೇ ಚೊಂಬು ಹುಯ್ದೆ. ಒಲೆ ಮುಂದಿದ್ದೆ ಅಂತ ನಿನಗೆ ಸುಳ್ಳು ಹೇಳ್ದೆ. ತೇಜು ಬಾಯಿ ಮುಚ್ಚಿಸ್ದೆ.”

ಮುನಿಶಾಮಿ ಅಗಿಯುವುದನ್ನು ನಿಲ್ಲಿಸಿದ. ತೇಜಸ್ವಿನಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಬೈರಮ್ಮ ಮಗನ ಮುಂದೆ ನಿಂತು ಕಾದಳು. ತಟ್ಟೆ ಹಾರಲಿ, ಬೈಗುಳ ಬರಲಿ, ಬೀಗಿತ್ತಿಯ ಮುಂದೆಯೇ ಬರಲಿ ಎಂದು ಕಾಲು ಊರಿ ನಿಂತಳು.

ವೆಂಕಟ್ ತಾಯಿಯನ್ನು ನೋಡಿದ. ಮುಜುಗರಪಟ್ಟವನಂತೆ ಬೆರಳಿನಿಂದ ಮುದ್ದೆಯ ಅಂಚನ್ನು ಒತ್ತಿದ.

“ಅಯ್ಯೋ, ಬಿಡಮ್ಮ. ಅಷ್ಟು ಜನ ಸುತ್ತ ನಿಂತ್ಕೊಂಡ್ರೆ ನೀನು ತಾನೆ ಏನ್ ಮಾಡ್ತೀಯ? ಬೇಕು ಅಂತ ಮಾಡಿದ್ದಾ? ಆಗಿದ್ದಾಯ್ತು. ಸಾರು ಹಾಕು.”

ಅಷ್ಟೇ. ಅವನ ಧ್ವನಿ ಏರಲೂ ಇಲ್ಲ.

ಬೈರಮ್ಮ ಅಲ್ಲೇ ನಿಂತಿದ್ದಳು. ಇದಕ್ಕಾ ನಾನು ಒಂದು ವರ್ಷ ಹೆದರಿದ್ದು ಎನ್ನಿಸಿತು. ಅವತ್ತೇ ಹೇಳಿದ್ದರೆ ಅವತ್ತೂ ಇಷ್ಟೇ ಆಗುತ್ತಿತ್ತು. ಒಂದು ‘ಬಿಡಮ್ಮ’, ಒಂದು ಸೌಟು ಸಾರು. ತನಗೆ ಒಂದು ಗಳಿಗೆಯೂ ಭಾರವಾಗದಿದ್ದದ್ದನ್ನು ಆ ಹುಡುಗಿಯ ತಲೆ ಮೇಲೆ ಒಂದು ವರ್ಷ ಹೊರಿಸಿದ್ದಳು. ಬೈಗುಳ ತಿಂದಿದ್ದರೆ ಮುಖ ಎತ್ತಬಹುದಿತ್ತೇನೋ. ಈಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಭಾರತಮ್ಮ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. “ಮುಗಿದ ಕೈ ವಾಪಸ್ ತಗೊಳ್ಳೋಕಾಗಲ್ಲವಲ್ಲ ಅಕ್ಕ,” ಅಂದಳು. ದನಿ ಬಹಳ ಮೆತ್ತಗಿತ್ತು.

“ಸಾರು ಹಾಕಮ್ಮ, ಮುದ್ದೆ ಆರ್ತಿದೆ,” ಅಂದ ವೆಂಕಟ್.

“ನನಗೂ ಒಂದೇ ಒಂದು ಸಲ ‘ಬಿಡು’ ಅನ್ನಬಹುದಾಗಿತ್ತು ನೀವು,” ಅಂದಳು ಅರ್ಪಿತ.

ಅವಳು ಗಟ್ಟಿಯಾಗಿ ಹೇಳಲಿಲ್ಲ. ಮಗುವಿನ ಬಾಯಿ ಒರೆಸುತ್ತ, ತಲೆಯೆತ್ತದೆ ಹೇಳಿದಳು. ವೆಂಕಟ್ ತಾಯಿಯ ಕಡೆ ತಿರುಗಿದ. ತಾಯಿ ಅವನ ಕಡೆ ನೋಡಲಿಲ್ಲ. ತಂಗಿಯ ಕಡೆ ತಿರುಗಿದ. ತೇಜಸ್ವಿನಿ ಕೈ ತೊಳೆಯಲು ಎದ್ದಳು. ಮುನಿಶಾಮಿ, “ಉತ್ತರ ಕೊಡೋ,” ಅಂದ.

ವೆಂಕಟ್ ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ಸಾರಿಲ್ಲದೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ಬಂತು. ಸಾರಿನ ಪಾತ್ರೆ ನಡುಮನೆಯಲ್ಲಿ, ಎಲ್ಲರ ಕೈಗೂ ಎಟುಕುವಲ್ಲಿ, ಹೊಗೆಯಾಡುತ್ತಿತ್ತು. ಬೈರಮ್ಮ ಸೌಟು ಮುಟ್ಟಲಿಲ್ಲ. ಅರ್ಪಿತಳೂ ಮುಟ್ಟಲಿಲ್ಲ.